ಆಷಾಢದಲ್ಲಿ ಕೊಟ್ಟ ಬಾಗಿನ

ಆ ದಿನ ಅಮ್ಮ ಮೊದಲು ಬೈದದ್ದು ಹುರುಳಿಕಾಯಿಯ ನಾರು ತೆಗೆಯದೆ ಹೆಚ್ಚಿಟ್ಟಿದ್ದಕ್ಕೆ. ಆಮೇಲೆ ಬೈದದ್ದು, ನಾರು ತೆಗೆಯುತ್ತಾ ಕೂತು ಕೆಲಸಕ್ಕೆ ತಡ ಮಾಡಿಕೊಂಡಿದ್ದಕ್ಕೆ. ಶ್ರಾವಣದ ಒಂದು ಗುರುವಾರ. ದೀಪಾಂಜಲಿ ನಗರದ ನಮ್ಮ ಬಾಡಿಗೆ ಮನೆಗೆ ನೀರು ಬರುವ ದಿನ. ಬಿಂದಿಗೆ, ಬಕೆಟ್ಟು, ಕುಕ್ಕರು, ಏನೇನಿತ್ತೋ ಎಲ್ಲ ತುಂಬಿಕೊಂಡು ನಡುಮನೆಯಲ್ಲಿ ಸಾಲಾಗಿ ನಿಂತಿದ್ದವು. ಅಮ್ಮ ಒಂದು ನರ್ಸರಿ ಸ್ಕೂಲಿನಲ್ಲಿ ಆಯಾ ಆಗಿದ್ದಳು. ಬಿಂದಿಗೆಗಳನ್ನೂ ಮಕ್ಕಳ ಹಾಗೆ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದಳು.

ಮಧ್ಯಾಹ್ನ ನಾನು ವಿಜಯನಗರದ ಸೀರೆ ಅಂಗಡಿಗೆ ಹೋದೆ. ಗುರುವಾರ ಅಲ್ಲಿ ಫೋನಿನಲ್ಲಿ ಲೈವ್ ಇರುತ್ತದೆ. ನಾನು ಸೀರೆ ಉಟ್ಟು ನಿಲ್ಲುತ್ತೇನೆ, ಅಂಗಡಿಯ ಯಜಮಾನರು ಸೆರಗು ಹಿಡಿದು ತೋರಿಸುತ್ತಾರೆ, ಬೇಕಾದವರು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಅಮ್ಮ ಸ್ಕೂಲಿನಿಂದ ಬಂದು ಕೈಕಾಲು ತೊಳೆದುಕೊಂಡು ತಪ್ಪದೆ ನೋಡುತ್ತಿದ್ದಳು. ನೋಡಿ ಸುಮ್ಮನಿರುತ್ತಿರಲಿಲ್ಲ. ಅವಳಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಮೈಕ್ ಒತ್ತಿ ಮಾತಾಡಿದರೆ ಅದೇ ಅಕ್ಷರವಾಗುತ್ತದೆ ಎಂದು ಅಕ್ಕ ಹೇಳಿಕೊಟ್ಟಿದ್ದಳು. ಹಾಗಾಗಿ ಹಸಿರು ಇದೆಯಾ, ಬಾರ್ಡರ್ ತೋರಿಸಿ ಎಂಬ ಕಾಮೆಂಟುಗಳ ನಡುವೆ, ಊರಿಗೆಲ್ಲ ಕಾಣುವಂತೆ, ಅಮ್ಮನ ಕಾಮೆಂಟೂ ಬರುತ್ತಿತ್ತು. ಆ ದಿನ ಬಂದದ್ದು ಹೀಗಿತ್ತು: 'ನೆರಿಗೆ ಎಡಗಡೆ ಜಾಸ್ತಿ ಆಯ್ತು ಪಲ್ಯ ಆಗಿದೆ ಬರ್ತಾ ಮೊಸರು ತಗೊಂಡು ಬಾ.' ಯಜಮಾನರು ಅಭ್ಯಾಸಬಲದಿಂದ ಅದನ್ನೂ ಗಟ್ಟಿಯಾಗಿ ಓದಿ, "ಮೊಸರು ಸ್ಟಾಕ್ ಇಲ್ಲ ಮೇಡಂ, ಮುಂದಿನ ಸೀರೆ ನೋಡಿ" ಅಂದರು.

ಸಂಜೆ ಊಟಕ್ಕೆ ಕೂತಾಗ ಅಮ್ಮ ಸಾರು ಬಡಿಸುತ್ತಾ ಗೌರಿ ಹಬ್ಬದ ಮಾತು ತೆಗೆದಳು.

"ಈ ಸಲ ಮೊರ ಮೂರು ಜೊತೆ ತರ್ಬೇಕು ಕಣೇ. ಗೌರಮ್ಮಂಗೊಂದು, ನಿಮ್ಮಕ್ಕಂಗೊಂದು, ನಿಂಗೊಂದು."

ನಾನು ಹೂಂ ಅಂದೆ. ಎಷ್ಟೋ ವರ್ಷದಿಂದ ಕಾಯುತ್ತಿದ್ದ ಮಾತು ಅದು. ಎದ್ದು ಕುಣಿಯಬಹುದಿತ್ತು. ಆದರೆ ಪಲ್ಯದಲ್ಲಿ ಇನ್ನೂ ನಾರು ಸಿಕ್ಕುತ್ತಿತ್ತು. ಅದನ್ನು ಅಮ್ಮನಿಗೆ ಕಾಣದಂತೆ ತಟ್ಟೆಯ ಅಂಚಿಗೆ ತಳ್ಳುವುದರಲ್ಲಿ ನಾನು ಮುಳುಗಿದ್ದೆ.

ಮರುದಿನ ಬೆಳಗ್ಗೆ ಅಮ್ಮ ಸ್ಕೂಲಿನಲ್ಲಿ ಮಕ್ಕಳ ಕೈ ತೊಳೆಸಿ, ಸುಸ್ತು ಅಂತ ಅವರ ಪುಟ್ಟ ಕುರ್ಚಿಯೊಂದರಲ್ಲಿ ಕೂತಳು. ಮತ್ತೆ ಏಳಲಿಲ್ಲ. ಆಯಾಮ್ಮ ನಿದ್ದೆ ಮಾಡ್ತಿದ್ದಾರೆ ಅಂದುಕೊಂಡು ಮಕ್ಕಳೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡು ಸದ್ದು ಮಾಡದೆ ಕೂತಿದ್ದರಂತೆ. ಟೀಚರ್ ಬಂದು ನೋಡುವವರೆಗೂ ಒಂದು ಮಗುವೂ ಬೆರಳು ತೆಗೆದಿರಲಿಲ್ಲವಂತೆ. ಅಮ್ಮನ ಕ್ಲಾಸು ಅಷ್ಟು ಶಿಸ್ತಾಗಿ ಇದ್ದದ್ದು ಅದೊಂದೇ ದಿನ ಎಂದು ಟೀಚರ್ ಅಳುತ್ತಾ ಹೇಳಿದರು.

ಅಮ್ಮ ಹೋಗಿ ಒಂದು ವರ್ಷದ ಮೇಲಾಯಿತು. ನಾನು ಪಿಯುಸಿವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ಆದರೂ ಆ ಬಾಗಿನದ ವಿಷಯವನ್ನು ಒಂದು ಸಲ ಬರೆದಿಡಬೇಕು ಅನ್ನಿಸಿದೆ.

ನಾನು ಹುಟ್ಟಿದಾಗ ಆಸ್ಪತ್ರೆಯಲ್ಲಿ ಗಂಡು ಮಗು ಎಂದು ಹೇಳಿ ಕಳಿಸಿದ್ದರು. ಅದು ಸರಿಯಲ್ಲ ಎಂದು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹೊತ್ತಿಗೆ ನನಗೆ ಮೀಸೆ ಬಂದುಬಿಟ್ಟಿತ್ತು. ಆಮೇಲೆ ಕೆಲವು ವರ್ಷ ನಾನು ಮನೆಯಲ್ಲಿರಲಿಲ್ಲ. ಆ ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮನೆಗೆ ವಾಪಸ್ ಬಂದ ಬಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಕ್ಕನ ಮದುವೆ ಗೊತ್ತಾಗಿತ್ತು. ಅಟ್ಟದ ಮೇಲೆ ಒಂದು ತಾಮ್ರದ ಕೊಪ್ಪರಿಗೆ ಇತ್ತು. ಅಮ್ಮ ಗಿಡ್ಡ, ಅಕ್ಕ ಗಿಡ್ಡ. ಅಪ್ಪ ಬಹಳ ಹಿಂದೆಯೇ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದರು. ಅವರು ಎಲ್ಲೋ ಬದುಕಿದ್ದಾರೆ ಎನ್ನುವುದೊಂದೇ ಅಮ್ಮನಿಗೆ ಅವರಿಂದ ಆದ ಉಪಕಾರ. ಅದರ ಆಧಾರದ ಮೇಲೆ ಅವಳು ಕುಂಕುಮ ಇಟ್ಟುಕೊಂಡು ಎಲ್ಲರ ಮನೆಯ ಆರತಿಗೂ ಮುಂದೆ ಹೋಗುತ್ತಿದ್ದಳು. ಕೊಪ್ಪರಿಗೆ ಇಳಿಸಲು ಮಾತ್ರ ಅವರು ಪ್ರಯೋಜನಕ್ಕೆ ಬರಲಿಲ್ಲ. ಅಮ್ಮ ನನಗೆ ಫೋನ್ ಮಾಡಿ, ಬಂದು ಕೊಪ್ಪರಿಗೆ ಇಳಿಸಿ ಹೋಗು ಅಂದಳು. ನಾನು ಚೂಡಿದಾರ್ ಹಾಕಿಕೊಂಡು, ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಅಮ್ಮ ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಎತ್ತರ ಏನೂ ಕಮ್ಮಿ ಆಗಿಲ್ವಲ್ಲ. ಹತ್ತು" ಅಂತ ಸ್ಟೂಲು ತೋರಿಸಿದಳು.

ಹತ್ತಿದೆ, ಇಳಿಸಿದೆ. ಅದನ್ನು ಉಜ್ಜಬೇಕಾಗಿತ್ತು, ಉಜ್ಜಿದೆ. ಉಜ್ಜಿದ ಮೇಲೆ ಊಟ ಮಾಡಬೇಕಾಗಿತ್ತು. ಹಾಗೆ ಉಳಿದುಕೊಂಡೆ.

ಆ ಎತ್ತರವೇ ನನಗೆ ಕೆಲಸ ಕೊಟ್ಟಿತು. ವಿಜಯನಗರದ ಅಂಗಡಿಗೆ ನಾನು ಸೇರಿದ್ದು ಸೀರೆ ಮಡಿಸಿಡಲು. ಬಾಗಿಲಲ್ಲಿದ್ದ ಗೊಂಬೆಯ ಕೈ ಒಂದು ದಿನ ಕಳಚಿ ಬಿತ್ತು. ಹೊಸ ಗೊಂಬೆ ಬರುವವರೆಗೆ ಆ ಸೀರೆ ನೀನೇ ಉಟ್ಟು ನಿಂತ್ಕೋ ಎಂದರು ಯಜಮಾನರು. ನಿಂತೆ. ಸೀರೆ ಹೋಯಿತು. ಇನ್ನೊಂದು ಉಟ್ಟೆ, ಅದೂ ಹೋಯಿತು. ಹೊಸ ಗೊಂಬೆ ಬಂದಾಗ ಅದನ್ನು ಗೋಡೌನಿಗೆ ಹಾಕಿದರು. ನನ್ನ ಮಾಡೆಲಿಂಗ್ ಶುರುವಾದದ್ದು ಹೀಗೆ. ಲೈವ್ ಮಾಡಿದೆವು. ಅದನ್ನು ನೋಡಿ ಒಬ್ಬ ಫೋಟೋಗ್ರಾಫರ್ ಬಂದ. ಅವನಿಂದ ಕ್ಯಾಟಲಾಗು, ಕ್ಯಾಟಲಾಗಿನಿಂದ ಬ್ಯಾನರು, ಬ್ಯಾನರಿನಿಂದ ಫ್ಯಾಷನ್ ಶೋ.

ಮೊದಲ ಫೋಟೋ ಶೂಟಿಗೆ ಅಮ್ಮ ಕಾವಲಿಗೆ ಬಂದಳು. ಆಮೇಲೆ ಬರುವುದೇ ರೂಢಿಯಾಯಿತು. ಈ ಕೆಲಸದಲ್ಲಿ ಬಟ್ಟೆ ನಮ್ಮ ಅಳತೆಗೆ ಇರುವುದಿಲ್ಲ. ಕ್ಯಾಟಲಾಗಿನ ರವಿಕೆಯನ್ನು ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿದು ನಿಲ್ಲಿಸುತ್ತಾರೆ. ಮುಂದಿನಿಂದ ನೋಡಿದರೆ ಮಹಾರಾಣಿ, ಹಿಂದಿನಿಂದ ನೋಡಿದರೆ ತಾರಸಿಯ ಹಗ್ಗ. ಅಮ್ಮ ಹಿಂದೆ ಕೂತಿದ್ದಳು. ಮನೆಗೆ ಬರುವಾಗ, ಇದನ್ನ ನೋಡಿ ಜನ ಮರುಳಾಗ್ತಾರಲ್ಲ ಅಂತ ದಾರಿಯುದ್ದಕ್ಕೂ ನಕ್ಕಳು.

ಜೂನ್ ತಿಂಗಳಲ್ಲಿ ನನಗೆ ಬಿಡುವೇ ಇರುವುದಿಲ್ಲ. ನಮ್ಮಂಥವರ ಹೆಮ್ಮೆಯ ತಿಂಗಳು ಅಂತ ದೊಡ್ಡ ದೊಡ್ಡ ಕಂಪನಿಗಳವರು ಕಾರು ಕಳಿಸಿ, ಏಳು ಬಣ್ಣದ ಬಟ್ಟೆ ಹಾಕಿಸಿ ಫೋಟೋ ತೆಗೆಸುತ್ತಾರೆ. ಜುಲೈ ಒಂದನೇ ತಾರೀಖು ಯಾರೂ ಫೋನ್ ಎತ್ತುವುದಿಲ್ಲ. ಮತ್ತೆ ವಿಜಯನಗರದ ಅಂಗಡಿಯೇ ಗತಿ. ಇಷ್ಟೊಂದು ಕೆಲಸ ಜೂನಿನಲ್ಲೇ ಏಕೆ ಬರುತ್ತದೆ ಎಂದು ಅಮ್ಮ ಯೋಚಿಸಿ, "ಸ್ಕೂಲ್ ಶುರುವಾಗತ್ತಲ್ಲ, ಅದಕ್ಕಾ?" ಅಂತ ಕೇಳಿದ್ದಳು. ನಾನು ಹೌದು ಅಂದುಬಿಟ್ಟೆ.

ಅಮ್ಮ ಬಂದ ಕಡೆಯೆಲ್ಲ ನರ್ಸರಿ ಸ್ಕೂಲು ಬರುತ್ತಿತ್ತು. ಊರಿನ ಆ ಕೊನೆಯ ದೊಡ್ಡ ಹೋಟೆಲಿನಲ್ಲಿ ನನ್ನ ಮೊದಲ ಫ್ಯಾಷನ್ ಶೋ ಆದಾಗ, ಗ್ರೀನ್ ರೂಮಿನಲ್ಲಿ ಮಾಡೆಲುಗಳ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಬಾತ್‌ರೂಮಿಗೆ ಹೋಗಿ ಬಂದ್ರಾ ಎಂದು ವಿಚಾರಿಸಿದಳು. ಸ್ಟೇಜ್ ಮೇಲೆ ಹೋದಮೇಲೆ ಬಂತು ಅಂದರೆ ಆಗುವುದಿಲ್ಲ ಎಂದು ಎಚ್ಚರಿಸಿದಳು. ಆರಡಿಯ ಹುಡುಗಿಯರು, ಮುಖದಲ್ಲಿ ಒಂದು ಗೆರೆ ಅಲ್ಲಾಡದವರು, ಸಾಲಾಗಿ ಹೋಗಿ ಬಂದರು.

ಆ ಶೋ ಮಾಡಿದ ಡಿಸೈನರ್ ಒಬ್ಬ ಹೆಂಗಸು. ಅವರ ಬಟ್ಟೆಗಳೆಲ್ಲ ಅಚ್ಚ ಬಿಳಿ. ಹಾಲು ಬಿಳಿ, ಮೊಸರು ಬಿಳಿ, ಸುಣ್ಣದ ಬಿಳಿ ಎಂದು ಬಿಳಿಯಲ್ಲೇ ತರಾವರಿ. ಇಡೀ ಒಂದು ರ‍್ಯಾಕು ತುಂಬ ನೇತುಹಾಕಿ, ಯಾರೂ ಮುಟ್ಟಬೇಡಿ ಎಂದು ಹೇಳಿ ದೀಪಗಳನ್ನು ನೋಡಲು ಹೊರಗೆ ಹೋದರು. ಅಮ್ಮ ಅಲ್ಲೇ ಇದ್ದಳು. ಹೊಸ ಬಟ್ಟೆಗೆ ಮೂಲೆಯಲ್ಲಿ ಒಂದಿಷ್ಟು ಅರಿಶಿನ ಹಚ್ಚದೆ ಮೈಗೆ ಹಾಕಬಾರದು ಎನ್ನುವುದು ನಮ್ಮ ಮನೆಯಲ್ಲಿ ಹಲ್ಲುಜ್ಜುವುದರಷ್ಟೇ ಸಾಮಾನ್ಯ ಸಂಗತಿ. ಅವಳ ಕೈಚೀಲದಲ್ಲಿ ಅರಿಶಿನದ ಡಬ್ಬಿ ಯಾವಾಗಲೂ ಇರುತ್ತಿತ್ತು. ಬೆರಳನ್ನು ನೀರಿಗೆ ಅದ್ದಿ, ಡಬ್ಬಿಗೆ ಅದ್ದಿ, ರ‍್ಯಾಕಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದಕ್ಕೂ ಬೊಟ್ಟು ಇಟ್ಟುಕೊಂಡು ಹೋದಳು. ಸಹಾಯಕರು ತಡೆಯಲಿಲ್ಲ. ಅಷ್ಟು ಧೈರ್ಯವಾಗಿ ಮಾಡುತ್ತಿದ್ದಾಳೆ ಅಂದರೆ ಡಿಸೈನರ್ ಕಡೆಯವಳೇ ಇರಬೇಕು ಎಂದುಕೊಂಡರಂತೆ.

ಡಿಸೈನರ್ ಒಳಗೆ ಬಂದು ನೋಡಿದರು. ಯಾರೋ ಓಡಿಹೋಗಿ ಸೋಪು ತಂದು ಉಜ್ಜಿದರು. ಅರಿಶಿನಕ್ಕೆ ಸೋಪು ತಾಕಿದರೆ ಕೆಂಪಗಾಗುತ್ತದೆ. ಹಳದಿ ಬೊಟ್ಟುಗಳೆಲ್ಲ ನೋಡನೋಡುತ್ತಾ ಕೆಂಪು ಕಲೆಗಳಾದವು. ಬಿಸಿಲಿಗೆ ಹಾಕಿದರೆ ಹೋಗುತ್ತದೆ ಎಂದು ಅಮ್ಮ ಸಮಾಧಾನ ಹೇಳಿದಳು. ಹೊರಗೆ ಕತ್ತಲಾಗಿತ್ತು.

ಕೊನೆಗೆ ಎಲ್ಲರೂ ಆ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆಯಬೇಕೆಂದು ತೀರ್ಮಾನವಾಯಿತು. ಹಾಗೆಯೇ ನಡೆದೆವು. ಒಬ್ಬೊಬ್ಬಳೂ ಎಡಗೈಯಲ್ಲಿ ಬಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು, ಚರಂಡಿ ದಾಟುವವರ ಹಾಗೆ. ನೋಡುವವರು ಅದನ್ನೇ ಹೊಸ ಸ್ಟೈಲ್ ಎಂದುಕೊಂಡು ಫೋಟೋ ತೆಗೆದುಕೊಂಡರು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬರುತ್ತಿದ್ದಂತೆ, ಸ್ಕೂಲ್ ಡೇ ದಿನ ಮಕ್ಕಳಿಗೆ ಮಾಡುವ ಹಾಗೆ, ಎರಡು ಬೆರಳುಗಳಿಂದ ತನ್ನ ತುಟಿಯ ಅಂಚುಗಳನ್ನು ಎಳೆದು ನಗು ನಗು ಎಂದು ಸನ್ನೆ ಮಾಡಿದಳು. ರ‍್ಯಾಂಪಿನ ಮೇಲೆ ನಗಬಾರದು. ನಾನು ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟೆ. ಡಿಸೈನರ್ ಆ ಸಂಜೆ ನನ್ನೊಂದಿಗೆ ಮಾತಾಡಲಿಲ್ಲ. ಮುಂದಿನ ಶೋಗೆ ಕರೆದರು. ಅಮ್ಮನ ಕೈಚೀಲವನ್ನು ಬಾಗಿಲಲ್ಲೇ ತೆಗೆದಿಡಬೇಕು ಎಂದು ಮಾತ್ರ ಹೇಳಿದರು.

ಇಷ್ಟೆಲ್ಲ ಆದರೂ ಗೌರಿ ಹಬ್ಬ ಬಂತೆಂದರೆ ನಾನು ಬಾಗಿನ ಹೊರುವವಳು ಅಷ್ಟೇ. ಅಕ್ಕನನ್ನು ಕೆಂಗೇರಿಗೆ ಕೊಟ್ಟಿತ್ತು. ಪ್ರತಿವರ್ಷ ಅಮ್ಮ ಮೊರಗಳಿಗೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕರಿಮಣಿ, ಕನ್ನಡಿ, ರವಿಕೆ ಕಣ ಎಲ್ಲ ತುಂಬಿ, ಮೇಲೊಂದು ಮೊರ ಮುಚ್ಚಿ, ದಾರ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಕೊಡುತ್ತಿದ್ದಳು ಅಂದರೆ ಹೊರಲು. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತುವಾಗ, ತಪಾಸಣೆಯ ಮೆಷಿನ್ನಿನೊಳಗೆ ಅದನ್ನು ಇಡುವುದಿಲ್ಲ, ಜನರ ಚಪ್ಪಲಿ ಬ್ಯಾಗೆಲ್ಲ ಹೋಗುವ ಜಾಗ ಅದು ಎಂದು ಅಮ್ಮ ಹಟ ಹಿಡಿಯುವಳು. ಸೆಕ್ಯೂರಿಟಿ ಹೆಂಗಸು ದಾರ ಬಿಚ್ಚದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ಬಿಡುವಳು. ಕೆಂಗೇರಿಯವರೆಗೆ ಅದು ನನ್ನ ತೊಡೆಯ ಮೇಲೆ ಇರುತ್ತಿತ್ತು. ಅಲ್ಲಿ ಅಕ್ಕ ಸೀರಿಯಲ್ ನೋಡುತ್ತಾ ಅದನ್ನು ತೆಗೆದುಕೊಳ್ಳುತ್ತಿದ್ದಳು.

ಒಂದು ವರ್ಷ ವಾಪಸ್ ಬರುವಾಗ ಟ್ರೇನಿನಲ್ಲಿ, ನಗುತ್ತಲೇ, ನನಗೆ ಯಾವಾಗ ಕೊಡ್ತೀಯ ಅಂತ ಕೇಳಿದೆ.

"ಮದುವೆ ಆಗ್ದೇ ಇರೋರಿಗೆ ಯಾರೇ ಬಾಗಿನ ಕೊಡ್ತಾರೆ. ಮೊದ್ಲು ಮದುವೆ ಆಗು" ಅಂದಳು ಅಮ್ಮ.

ನಾಯಂಡಹಳ್ಳಿಯವರೆಗೆ ನನಗೆ ಬಹಳ ಖುಷಿಯಾಗಿತ್ತು. ನಾನು ಇಂಥವಳು ಎನ್ನುವ ಕಾರಣಕ್ಕೆ ಅವಳು ಇಲ್ಲ ಅನ್ನಲಿಲ್ಲ. ಪಕ್ಕದ ಮನೆಯ ಹುಡುಗಿಗೆ ಹೇಳುವಂತೆ ಮದುವೆಯಾಗಿಲ್ಲ ಅಂತ ಇಲ್ಲ ಅಂದಳು. ನಾಯಂಡಹಳ್ಳಿ ದಾಟಿದ ಮೇಲೆ, ಯಾವ ಕಾರಣಕ್ಕೇ ಆಗಲಿ ಇಲ್ಲ ಅಂದರೆ ಇಲ್ಲವೇ ಎಂದು ತಿಳಿಯಿತು. ನನಗೆ ಬೇಕಾಗಿತ್ತು. ರ‍್ಯಾಂಪು, ಬ್ಯಾನರು ಎಲ್ಲ ಹೊರಗಿನವರು ಕೊಟ್ಟದ್ದು. ತವರಿನಿಂದ ಮಗಳಿಗೆ ಅಂತ ಬರುವುದು ಅದೊಂದೇ. ಅಮ್ಮ ತನ್ನ ಕಡೆಯಿಂದ ಪ್ರಯತ್ನ ಮಾಡಿದಳು. ಮುಂದಿನ ಶೂಟಿನಲ್ಲಿ ಫೋಟೋಗ್ರಾಫರ್‌ನನ್ನು ಮೂಲೆಗೆ ಕರೆದು ಮದುವೆ ಆಗಿದೆಯೇನಪ್ಪ ಎಂದು ವಿಚಾರಿಸಿದಳು. ಅವನು ಆಮೇಲೆ ಒಂದು ವಾರ ನನ್ನ ಕಡೆ ಲೆನ್ಸಿನ ಮೂಲಕ ಮಾತ್ರ ನೋಡುತ್ತಿದ್ದ.

ಅಮ್ಮನ ಕೊನೆಯ ಆಷಾಢದಲ್ಲಿ ನಮ್ಮ ಯಜಮಾನರು ರಾಜಾಜಿನಗರದಲ್ಲಿ ಇನ್ನೊಂದು ಅಂಗಡಿ ತೆರೆಯುವ ತಯಾರಿಯಲ್ಲಿದ್ದರು. ಗೌರಿ ಹಬ್ಬದ ಜಾಹೀರಾತಿಗೆ ಅಲ್ಲೇ ಫೋಟೋ ತೆಗೆಯಬೇಕಿತ್ತು. ತಾಯಿ ಮಗಳಿಗೆ ಬಾಗಿನ ಕೊಡುವ ಫೋಟೋ. ಮಗಳು ನಾನು. ತಾಯಿಯಾಗಿ ಒಬ್ಬ ಸೀರಿಯಲ್ ನಟಿ ಬರಬೇಕಾಗಿತ್ತು. ಅವರು ಬೇರೆ ಶೂಟಿಂಗಿನಲ್ಲಿ ಸಿಕ್ಕಿಹಾಕಿಕೊಂಡು ಬರಲಿಲ್ಲ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ಯಜಮಾನರ ಕಣ್ಣು ಮೂಲೆಯಲ್ಲಿ ಚೌಚೌ ಬಾತ್ ತಿನ್ನುತ್ತಿದ್ದ ಅಮ್ಮನ ಮೇಲೆ ಬಿತ್ತು.

ಅಮ್ಮ ಮೊದಲು ಒಪ್ಪಲಿಲ್ಲ. ಆಕ್ಟಿಂಗ್ ಬರಲ್ಲ, ಬೇಕಾದರೆ ಸುಮ್ಮನೆ ನಿಂತುಕೊಳ್ಳುತ್ತೇನೆ ಅಂದಳು. ಅವಳಿಗೆ ರೇಷ್ಮೆ ಸೀರೆ ಉಡಿಸಿ, ಮುಖಕ್ಕೆ ಬಣ್ಣ ಹಚ್ಚಿ, ಮೊರ ಕೈಗೆ ಕೊಟ್ಟರು. ಅಮ್ಮ ಅದನ್ನು ಕೈಯಲ್ಲೇ ತೂಗಿದಳು. ಮೇಲಿನ ಮೊರ ಎತ್ತಿ ನೋಡಿದಳು. ಒಳಗೆ ಥರ್ಮಾಕೋಲು. ಅದರ ಮೇಲೆ ನಾಲ್ಕು ಬಳೆ ಅಂಟಿಸಿದ್ದರು.

"ಖಾಲಿ ಮೊರ ಮಗಳ ಕೈಗೆ ಕೊಡಕ್ಕಾಗಲ್ಲ ಸಾರ್" ಅಂತ ಅಮ್ಮ ಅದನ್ನು ಕೆಳಗಿಟ್ಟಳು.

ಫೋಟೋದಲ್ಲಿ ಒಳಗಿನದು ಕಾಣುವುದಿಲ್ಲ ಆಂಟಿ ಎಂದು ಫೋಟೋಗ್ರಾಫರ್ ಹೇಳಿನೋಡಿದ. ಕಾಣದಿದ್ದರೆ ತುಂಬುವುದಕ್ಕೇನು ಕಷ್ಟ ಎಂದಳು ಅಮ್ಮ. ಕೊನೆಗೆ ಪಕ್ಕದ ಪ್ರಾವಿಷನ್ ಸ್ಟೋರಿಗೆ ಯಜಮಾನರೇ ಹೋದರು. ಹೋಗುವ ಮೊದಲು ಏನೇನು ತರಬೇಕೆಂದು ಕೇಳಿದ್ದು ಅವರ ತಪ್ಪು. ಅಕ್ಕಿ, ತೊಗರಿಬೇಳೆ, ಬೆಲ್ಲ ಸಾಕು ಎಂದಳು ಅಮ್ಮ. ಯಜಮಾನರ ತಾಯಿ ಅಲ್ಲೇ ಕೂತಿದ್ದವರು, ಹೆಸರುಬೇಳೆ ಇಲ್ಲದೆ ಬಾಗಿನ ಎಲ್ಲಾದರೂ ಉಂಟೇ ಎಂದರು. ಬೇಳೆಯೋ ಕಾಳೋ ಎಂದು ಇನ್ನೊಬ್ಬರು ಎತ್ತಿದರು. ಮೇಕಪ್ ಮಾಡುವಾಕೆ ಹುಬ್ಬಳ್ಳಿ ಕಡೆಯವಳು. ಅವಳು ಬ್ರಷ್ ಕೆಳಗಿಟ್ಟು, "ನಮ್ಮ ಕಡಿ ಹಿಂಗ ಇಲ್ಲರೀ. ನಾವು ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಮಾಡ್ತೀವಿ, ಬೇಳಿ ಎಲ್ಲಾ ಸಾರಿಗೆ ಹಾಕ್ತೀವಿ" ಅಂದಳು. ಅರ್ಧ ಗಂಟೆ ಇದೇ ನಡೆಯಿತು. ಯಜಮಾನರು ಕೊನೆಗೆ ಅಂಗಡಿಯಲ್ಲಿ ಇದ್ದ ಬೇಳೆಗಳನ್ನೆಲ್ಲ ತಂದರು. ಮೊರ ಎತ್ತಲು ಇಬ್ಬರು ಬೇಕಾಯಿತು.

ಆಮೇಲೆ ಅಮ್ಮನಿಗೆ ಇನ್ನೊಂದು ವಿಷಯ ಹೊಳೆಯಿತು. ಇದು ಆಷಾಢ. ಆಷಾಢದಲ್ಲಿ ಶುಭಕಾರ್ಯ ಮಾಡುವುದಿಲ್ಲ, ಬಾಗಿನ ಕೊಡುವ ಮಾತೇ ಇಲ್ಲ. ಯಜಮಾನರು ಬೆವರೊರೆಸಿಕೊಂಡು, ಫೋಟೋ ಬರುವುದು ಭಾದ್ರಪದದಲ್ಲಿ ಅಮ್ಮ, ನೋಡುವವರಿಗೆ ಭಾದ್ರಪದವೇ ಅಂದರು. ಅಮ್ಮ ಸ್ವಲ್ಪ ಯೋಚಿಸಿ, ಹಾಗಾದರೆ ದೋಷವಿಲ್ಲ ಎಂದು ಒಪ್ಪಿದಳು.

ಶೂಟಿಂಗ್ ಶುರುವಾಯಿತು. ಅಮ್ಮ ಸೆರಗಿನ ತುದಿಯನ್ನು ಮೊರದ ಮೇಲೆ ಹೊದಿಸಿ ನನ್ನ ಕಡೆ ಚಾಚಿದಳು. ನಾನೂ ಸೆರಗು ಹಿಡಿದು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ನಮಸ್ಕಾರ ಮಾಡಬೇಕು. ಬಗ್ಗಿದೆ. ಬೆನ್ನಿನ ಕ್ಲಿಪ್ಪುಗಳು ಒಂದೊಂದಾಗಿ ಟಪ್ ಟಪ್ ಎಂದು ಹಾರಿದವು. ಒಂದು ಯಜಮಾನರ ತಾಯಿಯ ಮಡಿಲಿಗೆ ಬಿತ್ತು. ಬಗ್ಗಬೇಡಿ ಮೇಡಂ ಎಂದ ಫೋಟೋಗ್ರಾಫರ್. ನಮಸ್ಕಾರ ಮಾಡದೆ ಬಾಗಿನ ಈಸಿಕೊಳ್ಳುವುದು ಯಾವ ಊರ ಪದ್ಧತಿ ಎಂದಳು ಅಮ್ಮ. ಮತ್ತೆ ಕ್ಲಿಪ್ಪು ಹಾಕಿದರು, ಮತ್ತೆ ಕೊಟ್ಟಳು, ಮತ್ತೆ ಬಗ್ಗಿದೆ, ಮತ್ತೆ ಹಾರಿದವು. ಒಮ್ಮೆ ಬೆಳಕು ಸರಿಯಿರಲಿಲ್ಲ. ಒಮ್ಮೆ ಅಮ್ಮ ಕ್ಯಾಮೆರಾ ನೋಡಿಬಿಟ್ಟಳು. ಒಮ್ಮೆ ಕೊಟ್ಟ ಮೊರವನ್ನು ಬಿಡಲೇ ಇಲ್ಲ.

ನಾನು ಬಗ್ಗಿದಾಗಲೆಲ್ಲ ಅವಳು ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಿದ್ದಳು. ಮೊದಮೊದಲು ಒಳ್ಳೆಯದಾಗಲಿ, ನೂರು ಕಾಲ ಬಾಳು ಎಂದೆಲ್ಲ ಹೇಳಿದಳು. ಹೊತ್ತು ಹೋದಂತೆ ದೊಡ್ಡ ಆಶೀರ್ವಾದಗಳು ಮುಗಿದುಹೋದವು. ಸೊಂಟನೋವು ಕಡಿಮೆಯಾಗಲಿ ಅಂದಳು. ಬೆಳಗ್ಗೆ ಬೇಗ ಏಳುವ ಹಾಗಾಗಲಿ ಅಂದಳು. ಎತ್ತರದ ಗಂಡ ಸಿಗಲಿ ಎನ್ನುವಾಗ ಫೋಟೋಗ್ರಾಫರ್ ಕಡೆ ನೋಡಿದಳು. ಅವನು ಗಡಿಬಿಡಿಯಲ್ಲಿ ಒತ್ತಿದ ಆ ಫೋಟೋವೇ ಕೊನೆಗೆ ಆಯ್ಕೆಯಾದದ್ದು. ಅದರಲ್ಲಿ ನಾನು ನಗು ತಡೆಯಲಾರದೆ ಮುಖ ತಿರುಗಿಸಿದ್ದೇನೆ. ಅಮ್ಮ ಏನೋ ಸಾಧಿಸಿದವಳ ಹಾಗೆ ಇದ್ದಾಳೆ.

ಮುಗಿದ ಮೇಲೆ ಯಜಮಾನರು, ಬಾಗಿನ ನೀವೇ ತೆಗೆದುಕೊಂಡು ಹೋಗಿ ಅಂದರು. ಅಮ್ಮ ಒಲ್ಲೆ ಎಂದಳು. ಆಷಾಢದ್ದು ಮನೆಯೊಳಗೆ ಬೇಡ. ಬೇಳೆಗಳನ್ನೆಲ್ಲ ಹುಬ್ಬಳ್ಳಿಯಾಕೆಗೆ ಸಾರಿಗೆ ಹಾಕಿಕೋ ಎಂದು ಕೊಟ್ಟಳು. ತೆಂಗಿನಕಾಯಿ ಫೋ‌ಟೋಗ್ರಾಫರ್‌ಗೆ ಹೋಯಿತು. ಅವನು ಅದನ್ನು ನಿಶ್ಚಿತಾರ್ಥದ ತಾಂಬೂಲವೋ ಏನೋ ಎಂದು ಹೆದರಿ ಮುಟ್ಟಲು ಹಿಂದೆಮುಂದೆ ನೋಡಿದ.

ಆಟೋದಲ್ಲಿ ಬರುವಾಗ ನಾನು ಕೇಳಿದೆ.

"ಹಂಗಾದ್ರೆ ನಂಗೆ ಕೊಟ್ಟಿದ್ದು?"

"ಅದು ಶೂಟಿಂಗ್‌ದು ಕಣೇ. ಲೆಕ್ಕಕ್ಕಿಲ್ಲ."

ಬಸವೇಶ್ವರ ನಗರದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ನಾನು ಹೊರಗೆ ನೋಡುತ್ತಿದ್ದೆ. ಅಮ್ಮ ಮುಖದ ಬಣ್ಣವನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದಳು.

"ಈಸ್ಕೊಳ್ಳೋದ್ರಲ್ಲಿ ನಿಮ್ಮಕ್ಕಂಗಿಂತ ನೀನೇ ವಾಸಿ. ಅವಳು ಟೀವಿ ನೋಡ್ಕೊಂಡು ತಗೋತಾಳೆ. ಹಬ್ಬದ ದಿನ ಮನೇಲಿ ಕೂರ್ಸಿ ಕೊಡ್ತೀನಿ ಬಿಡು."

"ಮದುವೆ?"

"ಅದು ಆದಾಗ ಆಗ್ಲಿ. ಇವತ್ತು ಅಷ್ಟು ಸಲ ಕೊಟ್ಟು ನನ್ನ ಕೈಗೂ ರೂಢಿ ಆಗಿದೆ."

ಆಮೇಲೆ ಶ್ರಾವಣ ಬಂತು. ಆ ಗುರುವಾರ ಬಂತು, ಶುಕ್ರವಾರವೂ ಬಂತು.

ಗೋಡೆಗೆ ಹಾಕಲು ಫೋಟೋ ಹುಡುಕಿದೆವು. ಅಮ್ಮ ಒಬ್ಬಳೇ ನೆಟ್ಟಗೆ ನಿಂತ ಒಂದು ಫೋಟೋ ಇರಲಿಲ್ಲ. ಎಲ್ಲದರಲ್ಲೂ ಯಾವುದಾದರೊಂದು ಮಗುವಿನ ಮೂಗು ಒರೆಸುತ್ತಿದ್ದಳು. ಚೆನ್ನಾಗಿದ್ದದ್ದು ಜಾಹೀರಾತಿನದೊಂದೇ. ಯಜಮಾನರು ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಸ್ಟುಡಿಯೋಗೆ ಕೊಟ್ಟೆವು. ಅವರು ನನ್ನನ್ನು ಕತ್ತರಿಸಿ, ಮೊರವನ್ನು ಕತ್ತರಿಸಿ, ಅಂಗಡಿಯ ಹೆಸರನ್ನೂ ಅಳಿಸಿದರು. ಮೇಲಿನ ಮೂಲೆಯಲ್ಲಿದ್ದ 'ಹಬ್ಬದ ಭರ್ಜರಿ ರಿಯಾಯಿತಿ' ಎಂಬ ನಕ್ಷತ್ರದ ಒಂದು ಕೊನೆ ಮಾತ್ರ ಉಳಿದುಹೋಯಿತು. ಬಂದವರು ಅದನ್ನು ದೇವರ ಪ್ರಭೆಯೇನೋ ಎಂದುಕೊಂಡು ಕೈಮುಗಿದು ಹೋದರು. ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ನೋಡಿದ್ದರೆ ನಕ್ಕುಬಿಡುತ್ತಿದ್ದೆವು.

ಬ್ಯಾನರ್ ಹಾಕುವುದೋ ಬೇಡವೋ ಎಂದು ಯಜಮಾನರು ಸಂಕೋಚದಿಂದ ಕೇಳಿದರು. ಹಾಕಿ ಅಂದೆವು. ವಿಜಯನಗರದ ಅಂಗಡಿಯ ಮೂರಂತಸ್ತಿನ ಮುಂಭಾಗಕ್ಕೂ ಅಮ್ಮ ಬಂದಳು. ಮೆಟ್ರೋದಲ್ಲಿ ಹೋಗುವಾಗ ಕಿಟಕಿಯ ಎತ್ತರಕ್ಕೇ ಅವಳ ಮುಖ ಸಿಗುತ್ತಿತ್ತು. ಆ ವರ್ಷ ನಮಗೆ ಹಬ್ಬವಿರಲಿಲ್ಲ. ಮೈಲಿಗೆಯ ಮನೆಗೆ ಗೌರಿ ಬರುವುದಿಲ್ಲ. ಊರಿನ ಮಿಕ್ಕ ಹೆಂಗಸರೆಲ್ಲ ಅಮ್ಮನನ್ನು ನೋಡಿ ಬಾಗಿನಕ್ಕೆ ಸೀರೆ ತೆಗೆದುಕೊಂಡರು. ವ್ಯಾಪಾರ ಚೆನ್ನಾಗಿ ಆಯಿತಂತೆ.

ಈ ವರ್ಷ ಹಬ್ಬಕ್ಕೆ ಮೊದಲು ಅಮ್ಮನ ಅಣ್ಣ, ನಮ್ಮ ಮಾವ, ಮನೆಗೆ ಬಂದರು. ಕಾಫಿ ಕುಡಿದು, ನನ್ನ ಕಡೆ ನೋಡದೆ, ಇನ್ನುಮೇಲೆ ಅಕ್ಕನಿಗೆ ತವರಿನ ಬಾಗಿನ ನೀನೇ ಕೊಡಬೇಕು, ಈ ಮನೆಗೆ ಗಂಡುಮಗ ಅಂತ ಇರುವುದು ನೀನೊಬ್ಬನೇ ಎಂದರು. ನಾನು ಆಗ ಜರಿಯಂಚಿನ ಸೀರೆ ಉಟ್ಟು, ಲೈವ್ ಮುಗಿಸಿ ಬಂದು, ಬೆನ್ನಿನ ಕ್ಲಿಪ್ಪುಗಳನ್ನೂ ತೆಗೆಯದೆ ನಿಂತಿದ್ದೆ. ಆ ದಿನ ಮನೆಗೆ ಬಂದಿದ್ದ ಅಕ್ಕ ಒಳಗಿನಿಂದ ಬಂದಳು.

"ಅವಳು ಕೊಡ್ತಾಳೆ ಮಾವ. ನಾನೂ ಅವಳಿಗೆ ಕೊಡ್ತೀನಿ. ಇನ್ನೊಂದ್ ಲೋಟ ಕಾಫಿ ಕೊಡ್ಲಾ?"

ಮಾವ ಬೇಡ ಎನ್ನಲಿಲ್ಲ. ಬಹುಶಃ ಅವರು ಕಾಫಿಯ ವಿಷಯಕ್ಕೆ ಉತ್ತರ ಕೊಟ್ಟಿರಬೇಕು. ನಾವು ಎರಡಕ್ಕೂ ಒಪ್ಪಿಗೆ ಎಂದು ಇಟ್ಟುಕೊಂಡೆವು.

ಹಬ್ಬದ ದಿನ ಕೆಂಗೇರಿಯಲ್ಲಿ ಅಕ್ಕನ ಮನೆಯ ನಡುಮನೆಯಲ್ಲಿ ಎದುರುಬದುರು ಕೂತೆವು. ಯಾರು ಮೊದಲು ಕೊಡಬೇಕು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹೇಳುವವರಿರಲಿಲ್ಲ. ಇಬ್ಬರೂ ಒಟ್ಟಿಗೇ ಚಾಚಿ ಮೊರಗಳು ಡಿಕ್ಕಿ ಹೊಡೆದವು. ನಮಸ್ಕಾರ ಮಾಡಲು ನಾನು ಬಗ್ಗಿದಾಗ ಅಕ್ಕನೂ ಬಗ್ಗಿದಳು, ತಲೆಗೆ ತಲೆ ಬಡಿಯಿತು. ಭಾವ ಒಳಗಿನಿಂದ ಏನದು ಸದ್ದು ಅಂತ ಕೇಳಿದರು. ಅಕ್ಕ ಟೀವಿ ಆರಿಸಿದ್ದಳು. ನನ್ನ ತಲೆಯ ಮೇಲೆ ಕೈಯಿಟ್ಟು ಒಳ್ಳೇದಾಗ್ಲಿ ಅಂದಳು.

ಅಕ್ಕ ಕೊಟ್ಟ ಬಾಗಿನ ಮನೆಯಲ್ಲಿದೆ. ಅದರ ಅಕ್ಕಿಯಲ್ಲಿ ಪಾಯಸ ಮಾಡಿ ತಿಂದೆ. ಬಳೆ ನನ್ನ ಕೈಗೆ ಸ್ವಲ್ಪ ಬಿಗಿ, ಆದರೂ ಹಾಕಿಕೊಂಡಿದ್ದೇನೆ. ಶೂಟಿಂಗಿನದು ಲೆಕ್ಕಕ್ಕಿಲ್ಲ ಎಂದು ಅಮ್ಮನೇ ಹೇಳಿದ್ದಾಳೆ, ಆದ್ದರಿಂದ ನಾನೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮ್ಮ ಹಬ್ಬದ ದಿನ ಮನೆಯಲ್ಲಿ ಕೂರಿಸಿ ಕೊಟ್ಟ ಬಾಗಿನ ನನಗಿಲ್ಲ.